ಜರ್ಮನಿಯಲ್ಲಿ ಮನೆಗೆ ಇಂಟರ್‌ನೆಟ್: ಹೊಸಬರು ಎಡವುವುದು ಎಲ್ಲಿ?

ವೈಫೈ ಅಂದರೇನು, ರೂಟರ್ ಯಾಕೆ ಬೇಕು ಅಂತ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತು.

ಲೈನ್ ಮೂರು ಥರ. ಡಿಎಸ್ಎಲ್ ಹಳೆಯ ಟೆಲಿಫೋನ್ ತಂತಿಯಲ್ಲಿ ಬರುತ್ತದೆ. 'ಕಾಬೆಲ್' ಟಿವಿ ಕೇಬಲ್‌ನದು: ಡೌನ್‌ಲೋಡ್ ಜೋರು, ಅಪ್‌ಲೋಡ್ ಕಮ್ಮಿ, ಸಂಜೆ ಅಕ್ಕಪಕ್ಕದವರೆಲ್ಲ ನೋಡಲು ಕೂತರೆ ನಿಧಾನ ಆಗಬಹುದು. 'ಗ್ಲಾಸ್‌ಫಾಸರ್' ಅಂದರೆ ಫೈಬರ್. ಅದು ಮನೆಯೊಳಗೇ ಬರುತ್ತಾ, ಬೀದಿಯ ಪೆಟ್ಟಿಗೆವರೆಗೆ ಮಾತ್ರಾನಾ ಅಂತ ಕೇಳಿಕೊಳ್ಳಿ. ಜಾಹೀರಾತಿನ 100 ಮೆಗಾಬಿಟ್, ಮೆಗಾಬೈಟ್ ಅಲ್ಲ. 8ರಿಂದ ಭಾಗಿಸಿದರೆ ಸಿಗುವುದು 12.5 ಮೆಗಾಬೈಟ್. ಅದರ ಹಿಂದೆ 'ಬಿಸ್ ತ್ಸು' ಅಂತ ಇದ್ದರೆ ಅಷ್ಟರವರೆಗೆ ಬರಬಹುದು ಅಂತ ಅಷ್ಟೇ.

ಈಗ ಐಪಿ ಅಡ್ರೆಸ್, ಅಂದರೆ ನೆಟ್‌ನಲ್ಲಿ ಗುರುತಿಗೆ ಇರುವ ನಂಬರ್. ದುಡ್ಡು ಹೋಗುವುದು ಇಲ್ಲಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಾಣುವ 192.168ರಿಂದ ಶುರುವಾಗುವ ನಂಬರ್ ಮನೆಯೊಳಗಿನದು. ಹೊರಗಿನ ಜಗತ್ತಿಗೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಸಾಮಾನ್ಯವಾಗಿ ಒಂದೇ ಐಪಿಯಿಂದ ಕಾಣುತ್ತವೆ. ಗೆಸ್ಟ್ ವೈಫೈ ಕೂಡ ಅಷ್ಟೇ. ಆ ಐಪಿ ಯಾರ ಹೆಸರಿನ ಕನೆಕ್ಷನ್‌ನದು ಅಂತ ಇಂಟರ್‌ನೆಟ್ ಕಂಪನಿಗೆ ಗೊತ್ತು.

ಟೊರೆಂಟ್ ಅಂದರೆ ಜನ ತಮ್ಮತಮ್ಮ ಕಂಪ್ಯೂಟರ್‌ನಿಂದಲೇ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ. ಅದರಲ್ಲಿ ಸಿನಿಮಾ ಇಳಿಸಿಕೊಳ್ಳುವಾಗ ಬಂದ ತುಣುಕುಗಳನ್ನು ನಿಮ್ಮ ಕಂಪ್ಯೂಟರ್ ಬೇರೆಯವರಿಗೂ ಕಳಿಸುತ್ತಿರುತ್ತದೆ. ಕಾನೂನಿನ ಕಣ್ಣಿಗೆ ಅದು ನೋಡುವುದಲ್ಲ, ಹಂಚುವುದು. ಸಿನಿಮಾದ ಹಕ್ಕುದಾರರ ಪರ ಕೆಲಸ ಮಾಡುವವರು ಹೀಗೆ ಹಂಚುವವರ ಗುಂಪಿನಲ್ಲೇ ಸೇರಿಕೊಂಡು ಐಪಿ ಮತ್ತು ಸಮಯ ಬರೆದಿಟ್ಟುಕೊಳ್ಳುತ್ತಾರೆ. ಕೋರ್ಟ್ ಆದೇಶದ ಮೂಲಕ ಹೆಸರು, ವಿಳಾಸ ತೆಗೆಸುತ್ತಾರೆ. ಆಮೇಲೆ ವಕೀಲರಿಂದ 'ಆಬ್‌ಮಾನುಂಗ್' ಅನ್ನುವ ಪತ್ರ ಬರುತ್ತದೆ, ನೂರಾರು ಯೂರೋ ಕೊಡಿ ಅಂತ.

ನಮ್ಮ ಪರಿಚಯದ ಹುಡುಗನೊಬ್ಬ ಶೇರಿಂಗ್ ಮನೆಯಲ್ಲಿದ್ದ. ಸಿನಿಮಾ ಇಳಿಸಿದ್ದು ರೂಮ್‌ಮೇಟ್. ಕಾಂಟ್ರಾಕ್ಟ್ ಇವನ ಹೆಸರಲ್ಲಿ, ಹಾಗಾಗಿ ಪತ್ರವೂ ಇವನಿಗೇ. ಮೋಸದ ಪತ್ರ ಇರಬೇಕು ಅಂತ ಸುಮ್ನೆ ಪಕ್ಕಕ್ಕಿಟ್ಟ. ಎರಡನೇ ಪತ್ರ ಬಂದಾಗ ಮೊತ್ತ ಏರಿತ್ತು. ಊರಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಟೊರೆಂಟ್ ಸಾಫ್ಟ್‌ವೇರ್ ಇದ್ದರೆ ಇವತ್ತೇ ಕಿತ್ತುಹಾಕಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾನೇ ಶುರುವಾಗಿ ಹಳೆಯ ಫೈಲ್ ಹಂಚುವಂಥವೂ ಇವೆ. ಹೊರಗೆ ಸ್ಟ್ರೀಮಿಂಗ್ ಥರ ಕಂಡು ಒಳಗೆ ಟೊರೆಂಟ್ ನಡೆಸುವ ಆ್ಯಪ್‌ಗಳೂ ಇವೆ, ಹುಷಾರು.

ಪತ್ರ ಬಂದೇಬಿಟ್ಟರೆ? ಕಸಕ್ಕೆ ಹಾಕಬೇಡಿ. ಗಾಬರಿಯಾಗಿ ಜೊತೆಗಿರುವ 'ಉಂಟರ್‌ಲಾಸುಂಗ್ಸ್‌ಎರ್‌ಕ್ಲೇರುಂಗ್'ಗೆ ಸಹಿಯನ್ನೂ ಹಾಕಬೇಡಿ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ದಂಡ ಕಟ್ಟುತ್ತೇನೆ ಅನ್ನುವ ಮುಚ್ಚಳಿಕೆ ಅದು. ಅವರು ಬರೆದ ರೂಪದಲ್ಲೇ ಸಹಿ ಹಾಕಿದರೆ ಬೇಕಾದ್ದಕ್ಕಿಂತ ಜಾಸ್ತಿ ಒಪ್ಪಿಕೊಂಡಂತೆ ಆಗಬಹುದು. ಗಡುವು ಮುಗಿಯುವ ಮೊದಲೇ ವಕೀಲರನ್ನೋ 'ಫರ್‌ಬ್ರೌಹರ್‌ತ್ಸೆಂಟ್ರಾಲೆ'ಯನ್ನೋ, ಅಂದರೆ ಗ್ರಾಹಕರ ಸಲಹಾ ಕೇಂದ್ರವನ್ನೋ, ಕೇಳಿ.

ಕಾಂಟ್ರಾಕ್ಟ್ ವಿಷಯ. ಮೊದಲ ಅವಧಿ ಸಾಮಾನ್ಯವಾಗಿ 24 ತಿಂಗಳು. 2021ರ ಡಿಸೆಂಬರ್‌ನಿಂದ, ಆ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಸಾಕು. ಮೊದಲೆಲ್ಲ ನೋಟಿಸ್ ಕೊಡಲು ಮರೆತರೆ ಇನ್ನೊಂದು ವರ್ಷ ಕಟ್ಟುವುದೇ ಆಗಿತ್ತು. ಕನೆಕ್ಷನ್ ಬೇಗ ಸಿಗುವುದರಲ್ಲಿ ನಮ್ಮ ದೇಶವೇ ಎಷ್ಟೋ ವಾಸಿ, ಇಲ್ಲಿ ವಾರಗಟ್ಟಲೆ ಕಾಯಿಸುತ್ತಾರೆ. ಆದರೆ ಹೇಳಿದ ವೇಗ ಬರದಿದ್ದರೆ ಜರ್ಮನಿಯೇ ಮೇಲು. 'ಬುಂಡೆಸ್‌ನೆಟ್ಸ್‌ಅಗೆಂಟೂರ್' ಅನ್ನುವ ಸರ್ಕಾರಿ ಸಂಸ್ಥೆಯ 'ಬ್ರೈಟ್‌ಬಾಂಡ್‌ಮೆಸ್ಸುಂಗ್' ಸಾಫ್ಟ್‌ವೇರ್‌ನಲ್ಲಿ ಅಳೆದು, ವೇಗ ನಿಜವಾಗಿಯೂ ಕಮ್ಮಿ ಅಂತ ತೋರಿಸಿದರೆ ಬಿಲ್ ಇಳಿಸಿ ಅಂತ ಕೇಳುವ ಹಕ್ಕು ನಿಮ್ಮದು. ವೈಫೈನಲ್ಲಿ ಅಳೆಯಬೇಡಿ, ಲ್ಯಾನ್ ಕೇಬಲ್ ಚುಚ್ಚಿ.

ಟೆಕ್ನಿಷಿಯನ್ ಬರುವ ದಿನ ಕರೆಗಂಟೆಯ ಮೇಲೆ ನಿಮ್ಮ ಹೆಸರು ಇರಲೇಬೇಕು. ಚೀಟಿಯಾದರೂ ಅಂಟಿಸಿ. ಹೆಸರು ಕಾಣದಿದ್ದರೆ ಅವರು ಫೋನ್ ಕೂಡ ಮಾಡದೆ ಹೋಗಿಬಿಡಬಹುದು, ಮತ್ತೆ ಹೊಸ ತಾರೀಕಿಗೆ ಕಾಯಬೇಕಾಗುತ್ತದೆ.