ಮಂಡಕ್ಕಿ ಭಟ್ಟಿಯ ಕರಿ ಹೊಟ್ಟು, ಬಿಳಿ ಅಂಚಿನ ವಯೊಲೆಟ್

"ದಾವಣಗೆರೆ ಬಿಸಿಲಿಗೆ ಆಫ್ರಿಕನ್ ವಯೊಲೆಟ್ಟಾ? ಸುಮ್ನೆ ದುಡ್ಡು ದಂಡ" ಅಂದರು ನಮ್ಮ ಭಾವ. ತಂಪು, ನೆರಳು ಬೇಡುವ ಪುಟ್ಟ ಹೂಗಿಡ ಅದು. ಈಗ ಹಿತ್ತಲ ಮಾವಿನ ಮರದ ನೆರಳಲ್ಲಿ ಸುಮಾರು 40 ಕುಂಡ ಇವೆ, ಎರಡು ಬೇಸಿಗೆ ದಾಟಿವೆ. ಹೂವು ಬಂದರೆ ಬರಲಿ, ನನಗೆ ಹುಚ್ಚು ಇದ್ದದ್ದು ಆ ಬಿಳಿ ಅಂಚಿನ ಎಲೆಯದು.

ಮೊದಲ ಸಲ ಲಾಲ್‌ಬಾಗ್‌ನ ಜನವರಿ ಪ್ರದರ್ಶನಕ್ಕೆ ಹೋದಾಗ ಆರು ಗಿಡ ತಂದೆ, ಒಂದಕ್ಕೆ 250 ರೂಪಾಯಿ ಮೇಲೇ ಕೊಟ್ಟಿರಬೇಕು. ಏಪ್ರಿಲ್‌ಗೆ ನಾಲ್ಕು ಹೋದವು. ಮುಟ್ಟಿದರೆ ಸುಳಿ ಕೊಳೆತು ಕೈಗೇ ಬಂತು. ಬಾಡಿದೆ ಅಂತ ಮತ್ತೆ ಮತ್ತೆ ನೀರು ಹಾಕಿದ್ದೆ, ಬೇರು ಕೊಳೆತರೂ ಗಿಡ ಹಾಗೇ ಬಾಡುತ್ತದೆ ಅಂತ ಹೊಳೆಯಲೇ ಇಲ್ಲ. ಉಳಿದೆರಡು ಪೂರ್ತಿ ಹಸಿರಾದವು. ಮಾರಿದವರಿಗೆ ಫೋನ್ ಹಚ್ಚಿ ಬೈದೆ, ಪಾಪ, ಅವರದೇನೂ ತಪ್ಪಿರಲಿಲ್ಲ. ಈ ಜಾತಿಯಲ್ಲಿ ಸೆಕೆಗೆ ಬಿಳಿ ಕಡಿಮೆಯಾಗುತ್ತದೆ, ಡಿಸೆಂಬರ್ ಚಳಿಗೆ ಬರುವ ಹೊಸ ಎಲೆಯಲ್ಲಿ ಮತ್ತೆ ಕಾಣುತ್ತದೆ.

ಬೇರಿನ ಸುತ್ತ ನೀರು ನಿಲ್ಲದಿರಲಿ ಅಂತ ಕುಂಡಕ್ಕೆ ಬೆರೆಸುವ ಬಿಳಿ ಹಗುರ ಕಾಳು, ಪರ್ಲೈಟ್‌ಗೆ ಇನ್ನೊಂದು ಸಾವಿರ ಸುರಿದ ಮೇಲೆ ಮಂಡಕ್ಕಿ ಭಟ್ಟಿ ನೆನಪಾಯಿತು. ಸುಟ್ಟ ಭತ್ತದ ಹೊಟ್ಟು ಕೇಳಿದರೆ ನಕ್ಕು ಒಂದು ಚೀಲ ಪುಕ್ಕಟೆ ಕೊಟ್ಟರು. ಬಿಳಿ ಬೂದಿ ಬೇಡ, ಕರಿ ಹೊಟ್ಟೇ ಬೇಕು. ತೊಳೆಯದೆ ಹಾಕಿ ಹತ್ತು ಮರಿ ಗಿಡ ಕಳಕೊಂಡೆ. ಈಗ ಮೂರ್ನಾಲ್ಕು ನೀರಲ್ಲಿ ತೊಳೆದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಸೇರಿಸಿ, ಮೇಲೊಂದು ಹಿಡಿ ಎರೆಗೊಬ್ಬರ.

ಬೇಸಿಗೆಗೆ ದೊಡ್ಡ ಮಣ್ಣಿನ ಕುಂಡದೊಳಗೆ ಪ್ಲಾಸ್ಟಿಕ್ ಕುಂಡ ಇಟ್ಟು, ನಡುವೆ ಮರಳು ತುಂಬಿ ದಿನಾ ಎರಡು ಸಲ ಒದ್ದೆ ಮಾಡುತ್ತೇನೆ. ಹೊರಗೆ 39 ಡಿಗ್ರಿ ಇದ್ದ ದಿನ ಒಳಗೆ ಅದಕ್ಕಿಂತ ಐದಾರು ಡಿಗ್ರಿ ಕಡಿಮೆ ಇತ್ತು. ಬೋರ್ ನೀರು ಮಾತ್ರ ಬೇಡ, ಉಪ್ಪು ಕುಂಡದ ಅಂಚಿಗೆ ಕೂತು ಎಲೆಯ ತೊಟ್ಟು ಸುಡುತ್ತದೆ. ಡ್ರಮ್ಮಿನ ಮಳೆ ನೀರು ಮುಗಿದರೆ ಪಕ್ಕದ ಮನೆ ಎಸಿ ನೀರೇ ಗತಿ.

ಎಲೆಯನ್ನು ತೊಟ್ಟಿನ ಸಮೇತ ನೆಟ್ಟರೆ ಬುಡದಲ್ಲಿ ಮರಿ ಗಿಡ ಬರುತ್ತವೆ. ಹಾಲಿನಂಥ ಬಿಳಿ ಮರಿ ಬಂದರೆ ಅವಸರ ಮಾಡಿ ಬೇರೆ ಮಾಡಬೇಡಿ, ಹಸಿರು ಏರುವ ತನಕ ತಾಯಿ ಎಲೆಯ ಜೊತೆಗೇ ಬಿಡಿ. ಗಿಡಕ್ಕೆ ಹತ್ತುವ ಬಿಳಿ ಹಿಟ್ಟಿನಂಥ ಹುಳ, ಹಿಟ್ಟು ತಿಗಣೆಗೆ ನಾನು ಹಚ್ಚುವುದೇನು ಅಂತ ಮಾತ್ರ ಕೇಳಬೇಡಿ, ಅದು ಮನೆಗೆ ಬಂದವರಿಗೆ.

ಈ ವರ್ಷ ಹನ್ನೆರಡು ಕುಂಡ 150ರಂತೆ ಮಾರಿದೆ. ಭಾವ ಮೊನ್ನೆ ಬಂದು ಎರಡು ಒಯ್ದರು, ದುಡ್ಡಿನ ಮಾತೇ ಎತ್ತಲಿಲ್ಲ.