ಮಾಜಿ ಸೈನಿಕ ವಿದ್ಯಾರ್ಥಿಗಳಲ್ಲಿ ಸದ್ದಿಲ್ಲದ ಮುಂದಾಳು: ನಾನು ಗುರುತಿಸಿದ ಬಗೆ

ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ಇರುವ ಬೆಳಗಾವಿಯಲ್ಲಿ, ಪಿಂಚಣಿ ಮೇಲೆ ಬಂದು ಬಿ.ಎ.ಗೋ ಬಿ.ಇಡ್.ಗೋ ಸೇರುವ ಫೌಜಿಗಳು, ಅಂದರೆ ಮಾಜಿ ಸೈನಿಕರು, ಕಾಲೇಜುಗಳಿಗೆ ಹೊಸಬರಲ್ಲ. ಸನ್ಮಾನ ಬಂತೆಂದರೆ ದೊಡ್ಡ ರ್‍ಯಾಂಕಿನವರಿಗೆ, ಇಲ್ಲವೇ ಮೈಕ್ ಹಿಡಿದು ಚೆನ್ನಾಗಿ ಮಾತಾಡುವವರಿಗೆ ಶಾಲು. ಸದ್ದಿಲ್ಲದೆ ಮುಂದಾಳಾದವರನ್ನು ಸಹಪಾಠಿಗಳು ಬರೆದುಕೊಡುವ ಚೀಟಿಯಿಂದ ಗುರುತಿಸೋಣ ಅಂದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಈಗ ಬೇರೆ ವಿಭಾಗದವರೂ ಅದೇ ಚೀಟಿ ಕೇಳಿ ಒಯ್ಯುತ್ತಿದ್ದಾರೆ.

ಅರ್ಜಿ ಕರೆದರೆ ಬೇಕಾದವರು ಬರುವುದೇ ಇಲ್ಲ. ಪಲ್ಟನ್‌ನಲ್ಲಿ (ಸೇನಾ ತುಕಡಿಯಲ್ಲಿ) ಪದಕಕ್ಕೆ ಯಾರೂ ತಾವೇ ಅರ್ಜಿ ಹಾಕುವುದಿಲ್ಲ, ಮೇಲಿನವರು ಶಿಫಾರಸು ಬರೆಯಬೇಕು. ಆ ರೂಢಿ ಇಲ್ಲಿಗೂ ಬರುತ್ತದೆ. ಮತ ಹಾಕಿಸಿದರೆ ಹುಡುಗರು ತಮ್ಮ ತಾಲೂಕಿನವರಿಗೇ ಹಾಕುತ್ತಾರೆ. ರ್‍ಯಾಂಕ್ ನೆಚ್ಚಿದರೆ ಇನ್ನೂ ಕಷ್ಟ: ಹತ್ತು ಜನರ ಸೆಕ್ಷನ್ ನಡೆಸಿದ ಹವಾಲ್ದಾರ್ ಕ್ಲಾಸಿನಲ್ಲಿ ಹುಕುಂ ಕೊಟ್ಟರೆ ಹುಡುಗರು ಕೇಳುತ್ತಾರೆ, ಆದರೆ ಅದು ಬರೀ ಅಂಜಿಕೆ.

ಐದೈದು ಜನರ ಗುಂಪು ಮಾಡಿ, ಗುಂಪಿಗೆ ಒಬ್ಬರೇ ಫೌಜಿ. ಇಬ್ಬರು ಸೇರಿದರೆ ಸೀನಿಯರ್ ಮಾತೇ ನಡೆಯುತ್ತದೆ. ತಿಂಗಳಿಗೊಮ್ಮೆ ಗುಂಪು ಬದಲಿಸಿ. ಚೀಟಿ ಕೊಡಬೇಕಾದ್ದು ಹದಿನೆಂಟು–ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ, ಫೌಜಿಗಳಿಗಲ್ಲ. ಎ4 ಹಾಳೆಯ ಕಾಲು ಭಾಗ ಸಾಕು. ಮುಂಬದಿಗೆ ಮೂರು ಪ್ರಶ್ನೆ: ‘ನನಗಿದು ಗೊತ್ತಿಲ್ಲ, ನೀನೇ ತೋರಿಸು’ ಅಂತ ನಿನ್ನನ್ನು ಕೇಳಿದವರು ಯಾರು, ಯಾವ ವಿಷಯಕ್ಕೆ? ನೀನು ಮಾಡಿದ ಕೆಲಸವನ್ನು ನಿನ್ನ ಹೆಸರು ಹೇಳಿಯೇ ಸರ್ ಮುಂದೆ ಇಟ್ಟವರು ಯಾರು? ಕೆಲಸ ಕೆಟ್ಟಾಗ ಹೊಣೆ ಹೊತ್ತವರು ಯಾರು? ನಾಯಕ, ವಿನಯ ಅನ್ನುವ ಶಬ್ದ ಎಲ್ಲೂ ಬರಬಾರದು. ಬಂದರೆ ಹುಡುಗರು ಹೊಗಳಿಕೆ ಬರೆಯುತ್ತಾರೆ. ‘ಬಾಳ ಒಳ್ಳೇವ್ರು ಸರ್’ ಅಂತ ಬಂದ ಚೀಟಿ ತೆಗೆದುಹಾಕಿ. ಸುಮಾರು ಮೂರರಲ್ಲೊಂದು ಹೀಗೇ ಹೋಗುತ್ತದೆ. ಘಟನೆ ಇದ್ದದ್ದನ್ನು ಮಾತ್ರ ಎಣಿಸಿ, ಕನಿಷ್ಠ ಮೂರು ಬೇರೆ ಗುಂಪುಗಳಿಂದ ಅದೇ ಹೆಸರು ಬರಬೇಕು. ಚೀಟಿಯ ಹಿಂಬದಿಗೆ ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಅದು ಕೆಲಸಕ್ಕೆ ಬಾರದು.

ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಫೌಜಿಗಳು ಊಟ ಬಡಿಸುವುದನ್ನು ನೋಡಿ ಮರುಳಾಗಬೇಡಿ. ಬಡಾ ಖಾನಾದಲ್ಲಿ, ಅಂದರೆ ಎಲ್ಲರೂ ಸೇರಿ ಉಣ್ಣುವ ಔತಣದಲ್ಲಿ, ಅಧಿಕಾರಿಗಳೇ ಜವಾನರಿಗೆ ಬಡಿಸುವುದು ಸೈನ್ಯದ ಪದ್ಧತಿ, ಅದು ಕೈಗೆ ಕೂತಿರುತ್ತದೆ. ಸಂಜೆ ವರದಿ ಹೊತ್ತಿಗೆ ನೋಡಿ: ಗಟಾರ ತೋಡುವ ಅಳತೆ ಹಾಕಿದ ಹುಡುಗನನ್ನು ಮುಂದೆ ನಿಲ್ಲಿಸಿ, ತಾವು ಹಾರೆ ಬುಟ್ಟಿ ಎಣಿಸಿಕೊಳ್ಳುತ್ತಾ ಹಿಂದೆ ಉಳಿದವರು ಯಾರು?

ಎನ್‌ಸಿಸಿ ಕೆಡೆಟ್‌ಗಳಿಗೂ ಇದೇ ಚೀಟಿ ಕೊಟ್ಟು ನೋಡಿದೆ, ನಡೆಯಲಿಲ್ಲ. ಎಲ್ಲರೂ ತಮ್ಮ ಮೇಲಿನ ಹಿರಿಯ ಕೆಡೆಟ್ ಆದ ಅಂಡರ್ ಆಫೀಸರ್ ಹೆಸರನ್ನೇ ಬರೆದರು. 2022ರ ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರಿದ ಅಗ್ನಿವೀರರು ನಾಲ್ಕು ವರ್ಷದ ಸೇವೆ ಮುಗಿಸಿ ಕ್ಲಾಸಿಗೆ ಬಂದಾಗ ಮೊದಲ ಪ್ರಶ್ನೆ ಬದಲಿಸಬೇಕಾದೀತು. ವಯಸ್ಸಿನ ಅಂತರ ಹೆಚ್ಚಿಲ್ಲದಿದ್ದರೆ ಕೇಳಿ ಕಲಿಯುವುದು ದೊಡ್ಡದೇನಲ್ಲ.

ಖರ್ಚು? ಶಾಲು, ಹಾರ, ಫಲಕ, ಬ್ಯಾನರ್ ಸೇರಿ ನಾಲ್ಕೈದು ಸಾವಿರ ಆಗುತ್ತಿತ್ತು. ಜೆರಾಕ್ಸಿಗೆ ವರ್ಷಕ್ಕೆ ಇನ್ನೂರೂ ದಾಟುವುದಿಲ್ಲ. ಉಳಿದ ದುಡ್ಡು ಪರೀಕ್ಷಾ ಶುಲ್ಕ ಕಟ್ಟಲಾಗದ ಹುಡುಗರಿಗೆ. ಆಯ್ಕೆಯಾದವರಿಗೆ ಕಾಲೇಜಿನ ಲೆಟರ್‌ಹೆಡ್ ಮೇಲೆ ಶಿಫಾರಸು ಪತ್ರ: ತಾರೀಖು, ಜಾಗ, ಮಾಡಿದ ಕೆಲಸ, ಇಷ್ಟೇ. ಶಾಲು ಬೇಡ ಅಂದವರೂ ಈ ಪತ್ರವನ್ನು ಡಿಸ್‌ಚಾರ್ಜ್ ಬುಕ್ (ಸೈನ್ಯದಿಂದ ಬಿಡುಗಡೆಯಾದ ದಾಖಲೆ) ಇರುವ ಫೈಲಿಗೇ ಸೇರಿಸಿಕೊಳ್ಳುತ್ತಾರೆ.