ತಲೈಕುಂದದ ಹಿಮದಲ್ಲಿ ಜಾಜಿ: ನನ್ನ ಅನುಭವ

ಉದಕಮಂಡಲದ ಸುತ್ತ ಹಿಮ ಹೆಚ್ಚಾಗಿ ಬೀಳುವ ಜಾಗಗಳಲ್ಲಿ ನಮ್ಮ ತಲೈಕುಂದವೂ ಒಂದು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲಿನ ಹುಲ್ಲು ಉಪ್ಪು ಎರಚಿದಂತೆ ಬೆಳ್ಳಗಾಗಿರುತ್ತದೆ. ಇಂಥ ಕಡೆ ಜಾಜಿ ಬೆಳೆಸುತ್ತೇನೆ ಎಂದಾಗ, ಅದು ಸತ್ಯಮಂಗಲದ ಬಯಲಿನ ಬೆಳೆ, ಬೆಟ್ಟಕ್ಕೆ ಒಗ್ಗದು ಎಂದು ಹೂವಿನ ವ್ಯಾಪಾರಿಗಳೂ ನರ್ಸರಿ ನಡೆಸುವ ಸ್ನೇಹಿತರೂ ಹೇಳಿದ್ದರು. ಈಗ ನಾಲ್ಕೈದು ವರ್ಷಗಳಿಂದ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ನನ್ನ ಹಿತ್ತಲಿನ ಚಪ್ಪರ ತಪ್ಪದೆ ಹೂ ಕೊಡುತ್ತಿದೆ. ಅಂದು ಹಾಗೆ ಹೇಳಿದವರಲ್ಲಿ ಕೆಲವರು ಇಂದು ನನ್ನಲ್ಲಿಯೇ ಸಸಿ ಕೊಳ್ಳುತ್ತಿದ್ದಾರೆ.

ಮೊದಲ ವರ್ಷಗಳ ಪ್ರಯತ್ನವೆಲ್ಲ ಬಳ್ಳಿಯನ್ನು ಇಡಿಯಾಗಿ ಉಳಿಸಿಕೊಳ್ಳುವ ಕಡೆಗೇ ಇತ್ತು. ಹಣ ಹೋದದ್ದೂ ಅಲ್ಲಿಯೇ. ಪಾಲಿಥೀನ್ ಹೊದಿಸಿದರೆ ಹಾಳೆಗೆ ತಾಗಿದ ಎಲೆಗಳೇ ಮೊದಲು ಕಪ್ಪಾದವು. ಪೂರ್ವದ ಗೋಡೆಗೆ ಹಬ್ಬಿಸಿದ ಬಳ್ಳಿ, ರಾತ್ರಿ ಹೆಪ್ಪುಗಟ್ಟಿದ ಚಿಗುರಿನ ಮೇಲೆ ನೇರವಾಗಿ ಬೆಳಗಿನ ಬಿಸಿಲು ಬಿದ್ದ ಕಾರಣ ಇನ್ನಷ್ಟು ಸುಟ್ಟುಹೋಯಿತು. ಆದ್ದರಿಂದ ಇಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಲ್ಲುಗೋಡೆಯ ಬುಡವೇ ಜಾಜಿಗೆ ತಕ್ಕ ಜಾಗ. ಸುಮಾರು 40,000 ರೂಪಾಯಿ ಸುರಿದು ಕಟ್ಟಿಸಿದ ಪಾಲಿಹೌಸ್‌ನ ಹಾಳೆ ಮೂರು ವರ್ಷ ಬಾಳುತ್ತದೆ ಎಂದು ಕಟ್ಟಿಕೊಟ್ಟವರು ಹೇಳಿದ್ದರೂ, ಮರುವರ್ಷದ ಜೂನ್ ಗಾಳಿಗೇ ಹರಿದುಹೋಯಿತು. ಒಳಗೆ ಬಲ್ಬ್ ಉರಿಸಿದ ಚಳಿಗಾಲದ ಕರೆಂಟ್ ಬಿಲ್ಲಿನ ಹಣದಲ್ಲಿ ವರ್ಷವಿಡೀ ಹೂ ಕೊಂಡು ಮುಡಿಯಬಹುದಿತ್ತು.

ಜಾಜಿ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಹಾಗಿರುವಾಗ ಹಳೆಯ ಬಳ್ಳಿಯನ್ನು ಕಾಯುವ ಅಗತ್ಯವೇ ಇಲ್ಲ, ಬುಡದ ಒಂದಡಿಯಲ್ಲಿರುವ, ಚಿಗುರೊಡೆಯುವ ಕಣ್ಣುಗಳು ಉಳಿದರೆ ಸಾಕು. ಸುಗಂಧಕ್ಕೆ ಹೆಸರಾದ ಫ್ರಾನ್ಸಿನ ಗ್ರಾಸ್ ಊರಿನ ರೈತರು ಇದೇ ಜಾಜಿಯ ಬುಡಕ್ಕೆ ಚಳಿಗಾಲದಲ್ಲಿ ಮಣ್ಣೇರಿಸುತ್ತಿದ್ದರು ಎಂದು ಓದಿದ ಮೇಲೆ ನಾನೂ ಆ ದಾರಿ ಹಿಡಿದೆ. ನವೆಂಬರ್ ಮಧ್ಯದಲ್ಲಿ ಒಂದಡಿ ಬಿಟ್ಟು ಸವರಿ, ಊಟಿ ಸಸ್ಯೋದ್ಯಾನದವರು ಹಿಮ ತಾಗದಂತೆ ಹೂಗಿಡಗಳಿಗೆ ಹೊದಿಸುವ ಕೋತಗಿರಿ ಮಿಲಾರ್ ಎಂಬ ಗಿಡವನ್ನೇ ಮೊದಲು ಹೊದಿಸುತ್ತೇನೆ. ಹಿಂಗಾರು ಪೂರ್ತಿ ನಿಂತ ಮೇಲಷ್ಟೇ ಮರಳು ಬೆರೆಸಿದ ಒಣಮಣ್ಣನ್ನು ಮುಕ್ಕಾಲು ಅಡಿ ಏರಿಸುತ್ತೇನೆ. ಹಸಿ ಮಣ್ಣು ಏರಿಸಿದರೆ ಹಿಮ ಕೊಲ್ಲುವ ಮೊದಲೇ ಬುಡ ಕೊಳೆಯುತ್ತದೆ. ಮಾರ್ಚ್ ಕೊನೆಗೆ ಕೈಯಿಂದಲೇ ಮಣ್ಣು ಬಿಡಿಸಬೇಕು. ಸಲಿಕೆ ತಾಗಿದರೆ ಅಷ್ಟು ಹೊತ್ತಿಗೆ ಊದಿಕೊಂಡಿರುವ ಕಣ್ಣುಗಳು ಉದುರುತ್ತವೆ. ಮೇಲಿನ ತುದಿ ಕಂದುಗಟ್ಟಿ ಸತ್ತಂತೆ ಕಂಡರೂ, ಮಣ್ಣಿನೊಳಗಿದ್ದ ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ತೇವವಾದ ಎಳೆಹಸಿರು ಕಾಣುತ್ತದೆ. ಅಲ್ಲಿಂದ ಹೊರಟ ಚಿಗುರು ಮಳೆಗಾಲದಲ್ಲಿ ಚಪ್ಪರ ಏರಿ, ಆಗಸ್ಟ್ ಹೊತ್ತಿಗೆ ಹೊರಮೈ ನಸುಗೆಂಪಾದ ಮೊಗ್ಗು ಕಟ್ಟುತ್ತದೆ.

ಸಸಿ ಮಾಡುವುದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಬೇರು ಬರಿಸುವ ಪುಡಿಯಲ್ಲಿ ಅದ್ದಿ ನೆಟ್ಟರೂ ನೂರರಲ್ಲಿ ಹತ್ತು ಹದಿನೈದು ಕಡ್ಡಿ ಬದುಕಿದರೆ ಹೆಚ್ಚು, ಉಳಿದವು ತಣ್ಣನೆಯ ಮಣ್ಣಿನಲ್ಲಿ ಬುಡದಿಂದ ಕಪ್ಪಾಗುತ್ತಿದ್ದವು. ಕೊರತೆ ಇದ್ದದ್ದು ಪುಡಿಯದಲ್ಲ, ಕೆಳಗಿನಿಂದ ಬರುವ ಶಾಖದ್ದು. ಊಟಿ ಕೆರೆಯ ಬಳಿ ಪ್ರವಾಸಿಗರನ್ನು ಹೊತ್ತು ತಿರುಗುವ ಕುದುರೆಗಳ ಲದ್ದಿ ಕೊಳೆಯುವಾಗ ಬಿಸಿಯಾಗುತ್ತದೆ, ಸಾಗಣೆಯ ಖರ್ಚಿಗೇ ಸಿಗುತ್ತದೆ. ಅದನ್ನು ಒಂದೂವರೆ ಅಡಿ ತುಳಿದು ತುಂಬಿ, ಮೊದಲ ಬೇಗೆ ಇಳಿಯುವವರೆಗೆ ಕಾದು, ಮೇಲೆ ಆರಿಂಚು ಮರಳು ಹಾಸಿ, ನಾಲ್ಕು ಗಿಣ್ಣಿನ ಅರೆಬಲಿತ ಕಡ್ಡಿ ನೆಡುತ್ತೇನೆ. ಮರಳಿನ ಬಿಸಿ 25 ಡಿಗ್ರಿಯ ಆಸುಪಾಸು ನಿಂತರೆ ಐದಾರು ವಾರದಲ್ಲಿ ಬೇರು ಬರುತ್ತದೆ, ನೂರಕ್ಕೆ ಎಪ್ಪತ್ತು ಕೈಸೇರುತ್ತವೆ. ಶಾಖ ಬೇಗ ಆರದಂತೆ ಲದ್ದಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಸಸಿಯೊಂದಕ್ಕೆ 70, 80 ರೂಪಾಯಿಯಂತೆ ಕೋತಗಿರಿ, ಕೂನೂರಿನವರೂ ಒಯ್ಯುತ್ತಾರೆ. ಹೂವಿಗಿಂತ ಸಸಿಯಲ್ಲೇ ಲಾಭ ಹೆಚ್ಚು. ಪಾಲಿಹೌಸ್‌ನಲ್ಲಿ ಕಳೆದ ಹಣ ಎರಡು ವರ್ಷದಲ್ಲಿ ಹಿಂದಿರುಗಿತು.

ದುಂಡುಮಲ್ಲಿಗೆಯನ್ನೂ ಇದೇ ರೀತಿ ಮಣ್ಣಿನಡಿ ಕಾಪಾಡಿ ನೋಡಿದೆ. ಗಿಡ ಬದುಕಿತು, ಆದರೆ ಇಲ್ಲಿನ ರಾತ್ರಿಯ ಚಳಿಗೆ ಹೇಳಿಕೊಳ್ಳುವಷ್ಟು ಮೊಗ್ಗು ಬರಲಿಲ್ಲ, ಅದನ್ನು ಕೈಬಿಟ್ಟಿದ್ದೇನೆ. ಗ್ರಾಸ್‌ನವರು ಜಾಜಿಯನ್ನು ಚಳಿ ತಡೆಯುವ ಇನ್ನೊಂದು ಮಲ್ಲಿಗೆಯ ಬೇರಿಗೆ ಕಸಿ ಕಟ್ಟುತ್ತಿದ್ದರು. ಆ ಜಾತಿ ನನಗೆ ಸಿಗದ ಕಾರಣ, ಹಿಮಕ್ಕೆ ಬಗ್ಗದೆ ನಮ್ಮ ಬೇಲಿಯಲ್ಲಿ ಬೆಳೆಯುವ ಹಳದಿ ಜಾಜಿಗೆ ಕಟ್ಟಿದ್ದೇನೆ. ಹೆಚ್ಚಿನವು ಒಣಗಿದವು. ಕೂಡಿಕೊಂಡ ಕೆಲವನ್ನು ಈ ಚಳಿಗಾಲ ಮಣ್ಣೇರಿಸದೆ, ಬರೀ ಮಿಲಾರ್ ಹೊದಿಕೆಯಲ್ಲಿ ಬಿಡಲಿದ್ದೇನೆ. ಅವು ಉಳಿದರೆ ವರ್ಷವರ್ಷವೂ ಮಣ್ಣು ಏರಿಸಿ ಇಳಿಸುವ ಕೂಲಿ ಉಳಿಯುತ್ತದೆ.